ಔಷಧದಾನದೊಳಗೆ ಅಭಯದಾನ ಉಳಿದಿದೆಯೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಬೇರೆಬೇರೆಯಾಗಿ ಎಣಿಸುವುದು ನಮ್ಮ ರೂಢಿ. ಆದರೆ ಅವು ಒಂದನ್ನೊಂದು ಕಡಿಯುವಂತಿರಬಾರದು ಎಂಬುದು ಹೇಳದೆಯೇ ತಿಳಿಯಬೇಕಾದ ಮಾತು. ನಮ್ಮ ಬಸದಿಗಳ ಆಡಳಿತ ಮಂಡಳಿಗಳು, ಟ್ರಸ್ಟ್‌ಗಳು ಪರ್ವಕಾಲದಲ್ಲಿ, ಜಯಂತಿಗಳಂದು, ಹಿರಿಯರ ಸ್ಮರಣಾರ್ಥವಾಗಿ ಉಚಿತ ಚಿಕಿತ್ಸಾ ಶಿಬಿರಗಳನ್ನು ನಡೆಸುತ್ತವೆ. ಅಲ್ಲಿ ಬಡರೋಗಿಗಳ ಕೈಗೆ ಬಣ್ಣಬಣ್ಣದ ಕ್ಯಾಪ್ಸೂಲುಗಳನ್ನು ಹಂಚಲಾಗುತ್ತದೆ. ಇದು ಶ್ಲಾಘನೀಯವೇ ಸರಿ. ಆದರೆ ಆ ಕ್ಯಾಪ್ಸೂಲಿನ ಹಾಳೆಯನ್ನು ತಿರುವಿ ಸಣ್ಣಕ್ಷರಗಳನ್ನು ಓದಿದ ಧರ್ಮಬಂಧುಗಳು ಎಷ್ಟು ಮಂದಿ? ‘ಹಾರ್ಡ್ ಜೆಲಾಟಿನ್ ಕ್ಯಾಪ್ಸೂಲ್’ ಎಂಬ ಮೂರು ಶಬ್ದಗಳು ಎಷ್ಟೋ ಹಾಳೆಗಳ ಮೇಲೆ ಯಾವ ಮುಚ್ಚುಮರೆಯೂ ಇಲ್ಲದೆ ಅಚ್ಚಾಗಿರುತ್ತವೆ. ಜೆಲಾಟಿನ್ ಎಂದರೆ ದನ, ಎಮ್ಮೆಗಳ ಮೂಳೆ ಮತ್ತು ಚರ್ಮ, ಹಂದಿಯ ಚರ್ಮ ಇವುಗಳನ್ನು ಆಮ್ಲದಲ್ಲೋ ಸುಣ್ಣದ ನೀರಿನಲ್ಲೋ ನೆನೆಹಾಕಿ, ಬೇಯಿಸಿ, ಬಸಿದು ತೆಗೆದ ಪ್ರೋಟೀನು. ಸಂಜೆಯಾದ ಮೇಲೆ ಅನ್ನವನ್ನು ಮುಟ್ಟದ ಶ್ರಾವಕನು ರಾತ್ರಿ ಮಲಗುವ ಮುನ್ನ ಅದೇ ವಸ್ತುವನ್ನು ನೀರಿನೊಂದಿಗೆ ನುಂಗುತ್ತಾನೆ.

ಈ ಮಾತನ್ನೆತ್ತಿದೊಡನೆ ಮೂರು ಸಮಾಧಾನಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ‘ಎಷ್ಟು ಮಹಾ ಪ್ರಮಾಣ, ಒಂದು ಸಿಪ್ಪೆಯಷ್ಟು ತಾನೆ’ ಎಂಬುದು. ಲೆಕ್ಕ ಹಾಕಿಯೇ ನೋಡೋಣ. ‘ಸೊನ್ನೆ’ ಅಳತೆಯ ಬರಿದಾದ ಕ್ಯಾಪ್ಸೂಲು ಕವಚದ ತೂಕ ಸುಮಾರು 95 ಮಿಲಿಗ್ರಾಂ. ದಿನಕ್ಕೆರಡರಂತೆ ನುಂಗುವ ರೋಗಿ ವರ್ಷಕ್ಕೆ 730 ಕವಚಗಳನ್ನು, ಅಂದರೆ 70 ಗ್ರಾಮಿಗೆ ಸಮೀಪವಾದ ಜೆಲಾಟಿನ್ನನ್ನು ಉದರಕ್ಕಿಳಿಸುತ್ತಾನೆ. ಹತ್ತು ಸಾವಿರ ಕ್ಯಾಪ್ಸೂಲುಗಳನ್ನು ದಾನ ಮಾಡಿದ ಟ್ರಸ್ಟ್ ಹಂಚಿದ್ದು ಒಂದು ಕಿಲೋಗ್ರಾಮಿಗೆ ತುಸು ಕಡಿಮೆ. ಒಂದು ಕಿಲೋ ಮಾಂಸದ ಪದಾರ್ಥವನ್ನು ಬಸದಿಯ ಅಂಗಳಕ್ಕೆ ತರಲು ಒಪ್ಪದ ನಾವು ಅದನ್ನು ಹತ್ತು ಸಾವಿರ ಚೂರು ಮಾಡಿ ತಂದರೆ ಒಪ್ಪುತ್ತೇವೆಯೆ?

ಎರಡನೆಯ ಸಮಾಧಾನ ಹೆಚ್ಚು ಜಾಣತನದ್ದು. ‘ಪ್ರಾಣಿಯನ್ನು ಜೆಲಾಟಿನ್ನಿಗಾಗಿ ಕೊಲ್ಲುವುದಿಲ್ಲ, ಮಾಂಸಕ್ಕಾಗಿ ಕೊಂದದ್ದರ ಮೂಳೆ ಹೇಗೂ ವ್ಯರ್ಥವಾಗುತ್ತಿತ್ತು, ನಮ್ಮ ಪಾಲಿನ ಹಿಂಸೆ ಎಲ್ಲಿ ಬಂತು?’ ಎಂದು ಕೇಳುವವರುಂಟು. ಈ ಆಕ್ಷೇಪ ಹೊಸದೇನಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿಯೇ ಸತ್ತ ಎಮ್ಮೆ, ಎತ್ತುಗಳ ಮಾಂಸದ ವಿಷಯವನ್ನೇ ಎತ್ತಿಕೊಂಡು, ಅದನ್ನಾಶ್ರಯಿಸಿದ ನಿಗೋದ ಜೀವಿಗಳ ನಾಶದಿಂದಾಗಿ ಅಲ್ಲಿಯೂ ಹಿಂಸೆ ತಪ್ಪದೆಂದು ನಿರ್ಣಯಿಸಿದ್ದಾರೆ. ತಾನಾಗಿ ಸತ್ತುದಕ್ಕೇ ಈ ನಿರ್ಣಯವಾದರೆ ಕೊಂದುದರ ಗತಿಯೇನು? ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಈ ವಾದ ನಿಲ್ಲದು. ಮೂಳೆಗೂ ಚರ್ಮಕ್ಕೂ ಬೆಲೆ ಬರುತ್ತಿರುವುದರಿಂದಲೇ ಕಸಾಯಿಖಾನೆಯ ಲಾಭ ಹೆಚ್ಚುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಲ್ಲಿ ಮೊದಲನೆಯದನ್ನು ಭದ್ರವಾಗಿ ಮುಚ್ಚಿ, ಹಿಂದಿನೆರಡನ್ನು ತೆರೆದಿಟ್ಟು ಕುಳಿತವರ ವಾದವಿದು.

ಮೂರನೆಯದು, ‘ಔಷಧಕ್ಕೆ ದೋಷವಿಲ್ಲ’ ಎಂಬ ಗಾದೆಯಂತಹ ಮಾತು. ಈ ಮಾತನ್ನು ಬೇರೆ ಯಾರಾದರೂ ಆಡಲಿ, ಕರ್ನಾಟಕದ ಜೈನರು ಆಡುವುದು ಮಾತ್ರ ಸೋಜಿಗ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಪೂರ್ಣ ವೈದ್ಯಗ್ರಂಥವನ್ನು ರಚಿಸಿದರು, 1940ರಲ್ಲಿ ಸೊಲ್ಲಾಪುರದಿಂದ ಅದು ಅಚ್ಚಾಗಿಯೂ ಬಂದಿದೆ. ಚಿಕಿತ್ಸೆಯಲ್ಲಿ ಮಾಂಸ ಅನಗತ್ಯವೆಂಬುದನ್ನು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ವೈದ್ಯರೆದುರು ಪ್ರತಿಪಾದಿಸಿದ ಪ್ರಕರಣವು ಆ ಗ್ರಂಥದ ಕೊನೆಯಲ್ಲಿದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನಷ್ಟೆ; ಅಲ್ಲಿಯೂ ಮದ್ಯ, ಮಾಂಸ, ಮಧುಗಳಿಗೆ ಎಡೆಯಿಲ್ಲ. ಔಷಧಕ್ಕೆ ದೋಷವಿಲ್ಲವೆಂದು ನಮ್ಮ ಪೂರ್ವಿಕ ವೈದ್ಯರು ಕೈಚೆಲ್ಲಿ ಕುಳಿತಿದ್ದರೆ ಈ ಗ್ರಂಥಗಳು ಹುಟ್ಟುತ್ತಲೇ ಇರಲಿಲ್ಲ. ದೋಷವಿರುವುದರಿಂದಲೇ ಅವರು ಬದಲಿ ದ್ರವ್ಯಗಳನ್ನು ಹುಡುಕಿದರು. ನಮ್ಮ ಕಾಲದಲ್ಲಿ ಹುಡುಕುವ ಶ್ರಮವೂ ಇಲ್ಲ, ಬದಲಿ ದ್ರವ್ಯಗಳು ಮಾರುಕಟ್ಟೆಯಲ್ಲಿಯೇ ಇವೆ.

ಆ ಬದಲಿಗಳು ಬಹುಮಟ್ಟಿಗೆ ಸಸ್ಯಜನ್ಯ ಕಾರ್ಬೋಹೈಡ್ರೇಟ್ ಪಾಲಿಮರುಗಳು. ಹೆಸರು ಕೇಳಿ ಬೆದರಬೇಕಾಗಿಲ್ಲ. ಸಕ್ಕರೆಯ ಜಾತಿಯ ಸಣ್ಣ ಅಣುಗಳು ಮಣಿಸರದಂತೆ ನೂರಾರು, ಸಾವಿರಾರು ಸಂಖ್ಯೆಯಲ್ಲಿ ಪೋಣಿಸಿಕೊಂಡಾಗ ಆಗುವ ಉದ್ದನೆಯ ಸರವೇ ಇದು. ಅಕ್ಕಿಯ ಗಂಜಿ, ಹತ್ತಿಯ ನಾರು, ಜಾಲಿಯ ಅಂಟು, ಹಣ್ಣಿನ ಸಿಪ್ಪೆಯ ಪೆಕ್ಟಿನ್ ಎಲ್ಲವೂ ಈ ಕುಲದವು. ಔಷಧವನ್ನು ದೇಹದೊಳಗೆ ಬೇಕಾದೆಡೆಗೆ, ಬೇಕಾದ ವೇಗದಲ್ಲಿ ಮುಟ್ಟಿಸುವ ಕೆಲಸವನ್ನು ಇವು ಹೇಗೆ ಮಾಡುತ್ತವೆಂಬುದನ್ನು ಅರಿಯಲು ಪ್ರಯೋಗಾಲಯ ಬೇಡ. ಮಲಬದ್ಧತೆಗೆಂದು ಮನೆಯಲ್ಲಿರುವ ಇಸಬ್‌ಗೋಲಿನ ಹೊಟ್ಟನ್ನು ಒಂದು ಲೋಟ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಉಬ್ಬಿ ಲೋಳೆಯಾಗುತ್ತದೆ. ಇಂತಹ ಲೋಳೆ ಕಟ್ಟುವ ಪದಾರ್ಥದೊಂದಿಗೆ ಔಷಧದ ಪುಡಿಯನ್ನು ಬೆರೆಸಿ ಗಟ್ಟಿ ಮಾತ್ರೆಯಾಗಿ ಒತ್ತಿದರೆ, ಜಠರದ ನೀರು ತಗಲಿದ ಕೂಡಲೆ ಹೊರಮೈ ಲೋಳೆಯಾಗಿ ಒಳಗಿನದನ್ನು ಬಂಧಿಸುತ್ತದೆ. ಔಷಧವು ಆ ಲೋಳೆಯ ಮೂಲಕ ಒಸರುತ್ತ, ಲೋಳೆಯೂ ಹೊರಗಿನಿಂದ ಸವೆಯುತ್ತ, ಒಂದೇ ಮಾತ್ರೆ ಹನ್ನೆರಡು ಗಂಟೆಗಳ ಕಾಲ ಕೆಲಸ ಮಾಡುವಂತಾಗುತ್ತದೆ. ದಿನಕ್ಕೆ ನಾಲ್ಕು ಬಾರಿ ನುಂಗಬೇಕಾಗಿದ್ದುದನ್ನು ಒಂದೆರಡು ಬಾರಿಗೆ ಇಳಿಸಿದ ಉಪಾಯಗಳಲ್ಲಿ ಇದು ಮುಖ್ಯವಾದುದು.

ಪೆಕ್ಟಿನ್ ಮತ್ತು ಗೋರಿಕಾಯಿಯ ಅಂಟುಗಳ ಗುಣ ಇನ್ನೂ ಸ್ವಾರಸ್ಯಕರ. ನಮ್ಮಲ್ಲಿ ಪಲ್ಯಕ್ಕೆ ಬಳಸುವ ಗೋರಿಕಾಯಿ, ಉತ್ತರ ಕರ್ನಾಟಕದವರ ಚವಳಿಕಾಯಿ, ಅದರ ಬೀಜದಿಂದ ತೆಗೆಯುವ ‘ಗುವಾರ್ ಗಮ್’ ಎಂಬ ಅಂಟಿಗೆ ಜಗತ್ತೆಲ್ಲ ಬಹುಪಾಲು ಭಾರತವನ್ನು, ಅದರಲ್ಲಿಯೂ ರಾಜಸ್ಥಾನವನ್ನು ಅವಲಂಬಿಸಿದೆ. ಮನುಷ್ಯನ ಜಠರವಾಗಲಿ ಸಣ್ಣಕರುಳಾಗಲಿ ಇವನ್ನು ಅರಗಿಸಲಾರವು. ದೊಡ್ಡಕರುಳಿನಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಮಾತ್ರ ಒಡೆಯಬಲ್ಲವು. ಆದುದರಿಂದ ದೊಡ್ಡಕರುಳಿನ ರೋಗಕ್ಕೆ ಔಷಧವನ್ನು ದಾರಿಯಲ್ಲಿ ಚೆಲ್ಲದೆ ಅಲ್ಲಿಗೇ ಸಾಗಿಸಲು ಈ ಅಂಟುಗಳನ್ನು ಹೊದಿಕೆಯಾಗಿ ಬಳಸುವ ಸಂಶೋಧನೆ ದಶಕಗಳಿಂದ ನಡೆದಿದೆ. ಕಂದು ಬಣ್ಣದ ಕಡಲಪಾಚಿಯಿಂದ ಬರುವ ಆಲ್ಜಿನೇಟ್, ಕ್ಯಾಲ್ಸಿಯಂ ಸೋಕಿದೊಡನೆ ಹೆಪ್ಪುಗಟ್ಟಿ ಮಣಿಗಳಾಗುತ್ತದೆ. ಎದೆಯುರಿಯ ಔಷಧಗಳಲ್ಲಿ ಜಠರದ ಮೇಲ್ಭಾಗದಲ್ಲಿ ತೇಲುವ ಪದರವಾಗಿ ಆಮ್ಲವನ್ನು ತಡೆಯುತ್ತದೆ. ನಮ್ಮ ತುಮಕೂರು, ಕೋಲಾರಗಳ ಕಡೆ ಹುಣಿಸೆಹಣ್ಣು ಬಿಡಿಸಿ ಉಳಿಯುವ ಬೀಜದಲ್ಲಿರುವ ಪಾಲಿಮರು ಕಣ್ಣಿನ ಹನಿಮದ್ದಿನಲ್ಲಿ ಬಳಕೆಯಾಗಿದೆ. ಹನಿಯನ್ನು ಕಣ್ಣಿನ ಮೇಲ್ಮೈಗೆ ಹೆಚ್ಚು ಹೊತ್ತು ಅಂಟಿಸಿಡುವ ಗುಣ ಅದಕ್ಕುಂಟು.

ಇನ್ನು ಕ್ಯಾಪ್ಸೂಲಿನ ಕವಚಕ್ಕೇ ಬರೋಣ. ಜೆಲಾಟಿನ್ ಕ್ಯಾಪ್ಸೂಲು 1834ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಅದೇ ಶತಮಾನದಲ್ಲಿ ಕಹಿ ಪುಡಿಗಳನ್ನು ಹಿಟ್ಟಿನ ತೆಳುಹಾಳೆಯ ಪೊಟ್ಟಣಗಳಲ್ಲಿ ಮುಚ್ಚಿಕೊಡುವ ಪದ್ಧತಿಯೂ ಯೂರೋಪಿನಲ್ಲಿತ್ತು. ಎಂದರೆ ಮೂಳೆಯಿಲ್ಲದೆ ಮದ್ದನ್ನು ಮುಚ್ಚಲಾಗದು ಎಂಬುದು ಎಂದೂ ಸತ್ಯವಾಗಿರಲಿಲ್ಲ. 1996ರ ಮಾರ್ಚಿನಲ್ಲಿ ದನಗಳ ಹುಚ್ಚುರೋಗಕ್ಕೂ ಮನುಷ್ಯರ ಮಿದುಳುರೋಗಕ್ಕೂ ಸಂಬಂಧವಿರುವ ಸಂಭವವನ್ನು ಬ್ರಿಟಿಷ್ ಸರಕಾರ ಒಪ್ಪಿಕೊಂಡ ಮೇಲೆ ದನದ ಮೂಳೆಯ ಪದಾರ್ಥಗಳೆಲ್ಲವೂ ಸಂಶಯಕ್ಕೆ ಒಳಗಾದವು. ಕರುಣೆ ಮಾಡದಿದ್ದುದನ್ನು ಭೀತಿ ಮಾಡಿತು! ಆ ಹೊತ್ತಿಗೆ ಮರದ ತಿರುಳು ಅಥವಾ ಹತ್ತಿಯ ಸಣ್ಣ ಎಳೆಗಳ ಸೆಲ್ಯುಲೋಸಿನಿಂದ ತಯಾರಿಸುವ ‘ಹೈಪ್ರೊಮೆಲ್ಲೋಸ್’ ಕವಚಗಳು ಮಾರುಕಟ್ಟೆಗೆ ಬರತೊಡಗಿದ್ದವು. ಜಪಾನಿನಲ್ಲಿ 1970ರ ದಶಕದಿಂದ ತಯಾರಾಗುತ್ತಿದ್ದ ‘ಪುಲ್ಲುಲಾನ್’ ಎಂಬ ಇನ್ನೊಂದು ಪಾಲಿಮರೂ ಕವಚವಾಯಿತು.

ಗುಣದಲ್ಲಿ ಇವು ಕೀಳಲ್ಲ. ಜೆಲಾಟಿನ್ ಕವಚದಲ್ಲಿ ನೂರಕ್ಕೆ 13ರಿಂದ 16ರಷ್ಟು ತೇವವಿರಬೇಕು. ಕಡಿಮೆಯಾದರೆ ಸಿಡಿಯುತ್ತದೆ, ಹೆಚ್ಚಿದರೆ ಮೆತ್ತಗಾಗಿ ಅಂಟುತ್ತದೆ. ಹೈಪ್ರೊಮೆಲ್ಲೋಸಿನಲ್ಲಿ ಈ ತೇವ 3ರಿಂದ 7ರಷ್ಟೇ. ತೇವದಿಂದ ಕೆಡುವ ಔಷಧಗಳಿಗೆ ಇದೇ ಮೇಲು. ಆಸ್ತಮಾ ರೋಗಿಗಳು ಎಳೆದುಕೊಳ್ಳುವ ಒಣಪುಡಿಯ ಕ್ಯಾಪ್ಸೂಲುಗಳಲ್ಲಿ ಇದನ್ನು ಬಳಸುವುದುಂಟು. ಸಸ್ಯಜನ್ಯ ಕವಚಕ್ಕೆ ಕೊರತೆಗಳೂ ಇವೆ, ಅವನ್ನು ಮರೆಮಾಚಬೇಕಾಗಿಲ್ಲ. ಹೈಪ್ರೊಮೆಲ್ಲೋಸು ಗಾಳಿಯ ಆಮ್ಲಜನಕವನ್ನು ಜೆಲಾಟಿನ್ನಿಗಿಂತ ಹೆಚ್ಚು ಒಳಬಿಡುತ್ತದೆ; ಬೆಲೆಯೂ ಹೆಚ್ಚು. ಒಂದು ಔಷಧಕ್ಕೆ ಕವಚ ಬದಲಿಸಬೇಕಾದರೆ ಅದು ಕರಗುವ ವೇಗವನ್ನು ಮತ್ತೆ ಪರೀಕ್ಷಿಸಬೇಕು. ಇವೆಲ್ಲ ಕಾರ್ಖಾನೆಯವರು ಪರಿಹರಿಸಬಲ್ಲ ಸಂಗತಿಗಳು. ಕೊಳ್ಳುವವನು ಕೇಳದಿರುವ ತನಕ ಅವರು ಏಕೆ ಪರಿಹರಿಸಿಯಾರು?

ಇಷ್ಟರಿಂದ ಓದುಗರು ‘ನಿಸರ್ಗದತ್ತ ಕಾರ್ಬೋಹೈಡ್ರೇಟ್ ಪಾಲಿಮರ್’ ಎಂಬ ಮಾತನ್ನೇ ಅಹಿಂಸೆಯ ಮುದ್ರೆಯೆಂದು ನಂಬಿಬಿಟ್ಟರೆ ನನ್ನ ಲೇಖನ ವ್ಯರ್ಥ. ಜೆಲಾಟಿನ್ನಿನ ಬಗೆಗಿನ ನಿದ್ದೆಗಿಂತ ಈ ಎರಡನೆಯ ನಿದ್ದೆ ಹೆಚ್ಚು ಅಪಾಯಕರ, ಏಕೆಂದರೆ ಇದರಲ್ಲಿ ಮಲಗಿದವನು ತಾನು ಎಚ್ಚರವಾಗಿದ್ದೇನೆಂದು ತಿಳಿದಿರುತ್ತಾನೆ.

‘ಕೈಟೋಸಾನ್’ ಎಂಬುದನ್ನು ನೋಡಿರಿ. ಔಷಧ ಸಾಗಿಸುವ ಪಾಲಿಮರುಗಳ ಕುರಿತ ಬರಹಗಳಲ್ಲಿ ಇದರಷ್ಟು ಹೊಗಳಿಕೆ ಪಡೆದದ್ದು ವಿರಳ. ಇದು ನಿಸರ್ಗದತ್ತವೇ, ಕಾರ್ಬೋಹೈಡ್ರೇಟೇ, ಪಾಲಿಮರೇ. ದೇಹದ ಲೋಳೆಪೊರೆಗೆ ಅಂಟಿಕೊಳ್ಳುತ್ತದೆ, ಗಾಯದ ರಕ್ತವನ್ನು ನಿಲ್ಲಿಸುವ ಪಟ್ಟಿಗಳಲ್ಲಿಯೂ ಇದೆ, ಕೊಬ್ಬು ಕರಗಿಸುತ್ತೇವೆಂದು ಮಾರುವ ಮಾತ್ರೆಗಳಲ್ಲಿಯೂ ಇದೆ. ಇದರ ಮುಖ್ಯ ಮೂಲವಾದರೋ ಸಿಗಡಿ ಮತ್ತು ಏಡಿಗಳ ಚಿಪ್ಪು. ಚಿಪ್ಪನ್ನು ಆಮ್ಲದಲ್ಲಿ ಅದ್ದಿ ಸುಣ್ಣದಂಶವನ್ನೂ ಕ್ಷಾರದಲ್ಲಿ ಕುದಿಸಿ ಪ್ರೋಟೀನನ್ನೂ ತೆಗೆದರೆ ಉಳಿಯುವುದು ಕೈಟಿನ್. ಅದನ್ನು ಮತ್ತೆ ಬಲವಾದ ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್. ಸ್ಥಾವರವನ್ನು ಕಂಡರೂ ಹೆಜ್ಜೆ ಹಿಂತೆಗೆಯುವ ಧರ್ಮದವರು ತ್ರಸಜೀವಿಗಳ ಚಿಪ್ಪನ್ನು ‘ನ್ಯಾಚುರಲ್’ ಎಂಬ ಶಬ್ದಕ್ಕೆ ಮರುಳಾಗಿ ಸ್ವೀಕರಿಸಬೇಕೆ? ಇದರಲ್ಲಿ ಒಂದು ವಿಡಂಬನೆಯಿದೆ. 1811ರಲ್ಲಿ ಬ್ರಾಕೊನೊ ಎಂಬ ಫ್ರೆಂಚ್ ವಿಜ್ಞಾನಿ ಕೈಟಿನ್ನನ್ನು ಮೊದಲು ಗುರುತಿಸಿದ್ದು ಸಿಗಡಿಯಲ್ಲಲ್ಲ, ಅಣಬೆಯಲ್ಲಿ. ಇಂದಿಗೂ ಶಿಲೀಂಧ್ರಗಳಿಂದ ಕೈಟೋಸಾನ್ ತಯಾರಿಸುವುದುಂಟು. ಎರಡೂ ಡಬ್ಬಿಗಳ ಮೇಲೆ ಹೆಸರು ಒಂದೇ.

ಹಯಲೂರಾನಿಕ್ ಆಮ್ಲದ ಕಥೆಯೂ ಹೀಗೆಯೇ. ಮೊಣಕಾಲಿನ ಸವೆತಕ್ಕೆ ಚುಚ್ಚುವ, ಒಣಗಿದ ಕಣ್ಣಿಗೆ ಹನಿಸುವ ಈ ಪಾಲಿಮರನ್ನು 1934ರಲ್ಲಿ ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಆಮೇಲೆ ಹುಂಜದ ಜುಟ್ಟಿನಿಂದ ತೆಗೆದರು. ಈಗ ಬಹುಪಾಲು ಬ್ಯಾಕ್ಟೀರಿಯಾಗಳ ಹುದುಗಿನಿಂದ ತೆಗೆಯುತ್ತಾರೆ. ಆದರೂ ಹುಂಜದ ಜುಟ್ಟಿನದು ಸಂಪೂರ್ಣ ಮರೆಯಾಗಿಲ್ಲ. ಅಣು ಒಂದೇ, ಹೆಸರು ಒಂದೇ, ಬಂದ ದಾರಿ ಮಾತ್ರ ಬೇರೆ. ಹೀಗಿರುವಾಗ ‘ಇದರಲ್ಲೇನಿದೆ’ ಎಂದು ಕೇಳಿದರೆ ಸಾಲದು, ‘ಇದು ಎಲ್ಲಿಂದ ಬಂತು’ ಎಂದು ಕೇಳಬೇಕು. ನಾಳೆ ಔಷಧದ ಪೊಟ್ಟಣದ ಮೇಲೆ ಪ್ರತಿಯೊಂದು ಸಹದ್ರವ್ಯದ ಹೆಸರನ್ನೂ ಅಚ್ಚು ಹಾಕಿದರೂ, ಮೂಲವನ್ನು ಹೇಳದ ಹೊರತು ನಮಗೆ ತಿಳಿಯಬೇಕಾದುದು ತಿಳಿಯುವುದಿಲ್ಲ.

ಹೆಪಾರಿನ್ನಿನ ವಿಷಯ ಬೇರೆ. ಅದೂ ಕಾರ್ಬೋಹೈಡ್ರೇಟ್ ಪಾಲಿಮರೇ, ಹಂದಿಯ ಕರುಳಿನ ಒಳಪೊರೆಯಿಂದ ಬರುವಂಥದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಔಷಧ ಡಯಾಲಿಸಿಸ್‌ನಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣವನ್ನುಳಿಸುತ್ತದೆ. ಅಂತಹ ಸಂಕಟದಲ್ಲಿ ವೈದ್ಯರ ಕೈಹಿಡಿದು ಬೇಡವೆನ್ನಲು ಯಾರಿಗೂ ನಾನು ಹೇಳಲಾರೆ. ಅದು ಹೇಳುವವನ ಹಠ ರೋಗಿಯ ಪ್ರಾಣಕ್ಕೆ ಎರವಾಗುವ ಸ್ಥಳ. ಆದರೆ ಈ ಅಪವಾದವನ್ನು ವಿಟಮಿನ್ ಕ್ಯಾಪ್ಸೂಲಿಗೂ ಮೀನೆಣ್ಣೆಯ ಗುಳಿಗೆಗೂ ಕೂದಲು ಬೆಳೆಸುವ ಮಾತ್ರೆಗೂ ಎಳೆದು ತರುವವರನ್ನು ಒಪ್ಪಲಾರೆ. ಹಂದಿಯ ಮೇದೋಜೀರಕದಿಂದ ಬರುತ್ತಿದ್ದ ಇನ್ಸುಲಿನ್ನಿಗೆ ಬದಲಾಗಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿ ಬಂದಿತು. ಅನಿವಾರ್ಯವೆಂದು ತೋರುವುದು ಒಂದು ಕಾಲಕ್ಕೆ ಅನಿವಾರ್ಯ, ಅಷ್ಟೆ.

ನಮ್ಮಲ್ಲಿಯ ಕಟ್ಟುನಿಟ್ಟಿನವರು ಇಲ್ಲಿ ಇನ್ನೊಂದು ಪ್ರಶ್ನೆ ಎತ್ತಬಹುದು, ಎತ್ತಬೇಕು ಕೂಡ. ಮಾತ್ರೆಯನ್ನು ಹೊಟ್ಟೆಯಲ್ಲಿ ಬೇಗ ಒಡೆಯಿಸಲು ಹಾಕುವ ಪಿಷ್ಟ ಅನೇಕ ವೇಳೆ ಆಲೂಗಡ್ಡೆಯದು. ಪುಲ್ಲುಲಾನ್ ಒಂದು ಜಾತಿಯ ಶಿಲೀಂಧ್ರವನ್ನು ಪಿಷ್ಟದ ಪಾಕದಲ್ಲಿ ಬೆಳೆಸಿ ತೆಗೆಯುವಂಥದು. ಆ ಪಿಷ್ಟ ಎಷ್ಟೋ ಸಲ ಮರಗೆಣಸಿನದು. ಕಂದಮೂಲವನ್ನು ವರ್ಜಿಸಿದವನು ಇವನ್ನು ಸ್ವೀಕರಿಸಬಹುದೆ? ಹೈಪ್ರೊಮೆಲ್ಲೋಸು ಕೂಡ ಅಪ್ಪಟ ಪ್ರಕೃತಿಯ ಕೂಸಲ್ಲ. ಮರದ ಸೆಲ್ಯುಲೋಸಿಗೆ ಕಾರ್ಖಾನೆಯಲ್ಲಿ ಕ್ಷಾರವನ್ನೂ ಇತರ ರಾಸಾಯನಿಕಗಳನ್ನೂ ಕೂಡಿಸಿ ಮಾಡಿದ್ದು. ನನ್ನ ಅಭಿಪ್ರಾಯ ಹೀಗಿದೆ. ಏಕೇಂದ್ರಿಯ ಜೀವಿಗಳ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನು, ಬಿಟ್ಟೆನೆಂದು ಹೇಳಿಕೊಳ್ಳಲೂ ಬಾರದು. ತ್ರಸಜೀವಿಗಳ ಸಂಕಲ್ಪೀ ಹಿಂಸೆಯಿಂದ ಬಂದುದನ್ನು ಬಿಡುವುದು ಅವನ ಅಣುವ್ರತದ ಕನಿಷ್ಠ ಎಲ್ಲೆ. ಮೊದಲು ಆ ಎಲ್ಲೆಯನ್ನು ಕಾಯೋಣ. ಕಂದಮೂಲದ ಪಿಷ್ಟವನ್ನು ವರ್ಜಿಸುವ ವ್ರತಿಗಳಿಗೆ ಜೋಳದ ಪಿಷ್ಟದ ಮಾತ್ರೆ ಯಾವುದೆಂದು ತಿಳಿಯುವ ಹಕ್ಕಿದೆ. ಆ ಹಕ್ಕೂ ಮೂಲವನ್ನು ತಿಳಿಸುವ ನಿಯಮದಿಂದಲೇ ದೊರೆಯುವುದು. ಆಲೂಗಡ್ಡೆಯ ಪಿಷ್ಟದ ಕುರಿತು ಗಂಟೆಗಟ್ಟಲೆ ಚರ್ಚಿಸಿ, ಚರ್ಚೆ ಮುಗಿದ ಮೇಲೆ ಜೆಲಾಟಿನ್ ಕ್ಯಾಪ್ಸೂಲು ನುಂಗುವವರ ಸೂಕ್ಷ್ಮತೆ ಮಾತ್ರ ನನಗೆ ಅರ್ಥವಾಗಿಲ್ಲ.

ಈ ನಿಯಮ ತಾನಾಗಿ ಬರುವುದೆಂದು ಕಾದು ಕುಳಿತವರಿಗೆ ಇತಿಹಾಸ ಉತ್ಸಾಹ ಕೊಡುವುದಿಲ್ಲ. ಆಹಾರದ ಪೊಟ್ಟಣಗಳ ಮೇಲೆ ಹಸುರು ಗುರುತು ಬಂದು ಎರಡು ದಶಕಗಳಿಗೂ ಮಿಕ್ಕಿತು. ಔಷಧಗಳಿಗೂ ಅಂತಹ ಗುರುತು ಬೇಕೆಂಬ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2002ರಲ್ಲಿ, ಜೀವರಕ್ಷಕ ಔಷಧಗಳನ್ನು ಬಿಟ್ಟು ಉಳಿದವಕ್ಕೆ, ಗ್ರಾಹಕನ ಪರವಾಗಿ ತೀರ್ಪು ನೀಡಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. 2016ರಲ್ಲಿ ಜೆಲಾಟಿನ್ನಿಗೆ ಬದಲಾಗಿ ಸೆಲ್ಯುಲೋಸ್ ಕವಚಗಳನ್ನು ತರುವ ಸೂಚನೆಯ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಉದ್ಯಮದಿಂದ ವಿರೋಧ ಬಂದಿತು. ಜೆಲಾಟಿನ್ ತನ್ನ ಸ್ಥಾನದಲ್ಲಿಯೇ ಉಳಿಯಿತು. ಎಲ್ಲರಿಗೂ ಸೆಲ್ಯುಲೋಸನ್ನೇ ಕಡ್ಡಾಯ ಮಾಡಬೇಕೆಂಬ ಬೇಡಿಕೆ ನನ್ನದಲ್ಲ. ಬೆಲೆಯೇರಿದರೆ ಬಡರೋಗಿಗೆ ಮದ್ದು ತಪ್ಪೀತು, ನಮ್ಮ ವ್ರತದ ಭಾರವನ್ನು ಅವನ ತಲೆಯ ಮೇಲೆ ಹೊರಿಸುವುದು ಅಧರ್ಮ. ಮೂಲವನ್ನು ಹೇಳಿರೆಂದು ಕೇಳುವುದಕ್ಕೆ ಯಾರ ಜೇಬೂ ಹರಿಯುವುದಿಲ್ಲ.

ಔಷಧದ ವ್ಯಾಪಾರದಲ್ಲಿ, ಸಗಟು ಅಂಗಡಿಗಳಲ್ಲಿ, ತಯಾರಿಕೆಯಲ್ಲಿ ಕೂಡ ನಮ್ಮ ಸಮಾಜದವರು ಕಡಿಮೆಯಿಲ್ಲ. ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ಸವಾಲು ಕೂಗುವ ಕೈಗಳು ತಮ್ಮದೇ ಗೋದಾಮಿನಲ್ಲಿ ಯಾವ ಕವಚವಿದೆಯೆಂದು ವಿಚಾರಿಸುವುದು ಅಸಾಧ್ಯವಲ್ಲ. ಟ್ರಸ್ಟ್‌ಗಳಿಗಂತೂ ಇದು ಇನ್ನೂ ಸುಲಭ, ಏಕೆಂದರೆ ಅವು ಒಟ್ಟಾಗಿ ಕೊಳ್ಳುತ್ತವೆ. ಶಿಬಿರಕ್ಕೆ ಔಷಧಗಳನ್ನು ತರಿಸುವ ಮುನ್ನ ವೈದ್ಯರೊಡನೆ ಕುಳಿತು, ಒಂದೇ ಔಷಧವು ಕ್ಯಾಪ್ಸೂಲಾಗಿಯೂ ಮಾತ್ರೆಯಾಗಿಯೂ ದೊರೆಯುವಲ್ಲಿ ಮಾತ್ರೆಯನ್ನು ಆರಿಸಬಹುದು; ಕ್ಯಾಪ್ಸೂಲೇ ಬೇಕಾದಲ್ಲಿ ಸೆಲ್ಯುಲೋಸ್ ಕವಚದ್ದನ್ನು ಕೇಳಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ಯಾಪ್ಸೂಲನ್ನು ಬಿಡಿಸಿ, ಕವಚವನ್ನೆಸೆದು, ಒಳಗಿನದನ್ನು ಜೇನಿಲ್ಲದ ಬೆಲ್ಲದ ನೀರಿನಲ್ಲಿ ಕದಡಿ ಕುಡಿಯುವ ಪದ್ಧತಿ ಕೆಲವು ಮನೆಗಳಲ್ಲಿದೆ. ಭಾವನೆ ಒಳ್ಳೆಯದೇ, ಕೆಲಸ ಅಪಾಯದ್ದು. ಹೊಟ್ಟೆಯ ಹುಣ್ಣಿಗೆ ಕೊಡುವ ಓಮೆಪ್ರಜೋಲ್ ಜಠರದ ಆಮ್ಲದಲ್ಲಿ ಕೆಡುವ ಔಷಧ. ಒಳಗಿನ ಸಣ್ಣ ಕಾಳುಗಳ ಮೇಲಿನ ಲೇಪ ಅದನ್ನು ಕಾಯುತ್ತದೆ. ಆ ಕಾಳುಗಳನ್ನು ಅರೆದರೆ ಮದ್ದು ನಿಷ್ಫಲ. ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಗಳನ್ನು ಅರೆದರಂತೂ ಹನ್ನೆರಡು ಗಂಟೆಯ ಪ್ರಮಾಣ ಒಮ್ಮೆಲೇ ರಕ್ತಕ್ಕಿಳಿಯುತ್ತದೆ. ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳದೆ ಯಾವ ಕವಚವನ್ನೂ ಬಿಡಿಸಬಾರದು, ಯಾವ ಮದ್ದನ್ನೂ ನಿಲ್ಲಿಸಬಾರದು.

ಕಾರ್ಯದರ್ಶಿಗಳು ಬರೆಯಬೇಕಾದ ಪತ್ರ ಅರ್ಧ ಪುಟದ್ದು. ನೀವು ಪೂರೈಸುವ ಈ ಔಷಧದ ಕವಚ ಜೆಲಾಟಿನ್ನೋ, ಹೈಪ್ರೊಮೆಲ್ಲೋಸೋ, ಪುಲ್ಲುಲಾನೋ; ಇದರಲ್ಲಿ ಕೈಟೋಸಾನ್, ಹಯಲೂರಾನಿಕ್ ಆಮ್ಲದಂತಹ ಪಾಲಿಮರುಗಳಿದ್ದರೆ ಅವು ಪ್ರಾಣಿಯಿಂದ ಬಂದವೋ, ಸಸ್ಯದಿಂದಲೋ, ಹುದುಗಿನಿಂದಲೋ; ಪಿಷ್ಟವಿದ್ದರೆ ಯಾವ ಬೆಳೆಯದು. ಉತ್ತರವನ್ನು ತಯಾರಕರಿಂದ ಲಿಖಿತವಾಗಿ ತರಿಸಿಕೊಡಿರೆಂದು ಸಗಟು ವ್ಯಾಪಾರಿಗೆ ತಿಳಿಸಿ, ಬಂದ ಉತ್ತರವನ್ನೂ ಬಾರದ ಉತ್ತರವನ್ನೂ ಬಸದಿಯ ಸೂಚನಾಫಲಕದಲ್ಲಿ ಹಚ್ಚಲಿ.